ಬೆಣ್ಣಿಹಳ್ಳಕ್ಕೆ ಬೀವರ್ ತರಬಹುದೇ?

ಸಂಪಾದಕರಿಗೆ,

ಮಾನ್ಯರೇ,

ಬ್ರಿಟನ್ನಿನ ನದಿಗಳಿಗೆ ಬೀವರ್ ಎಂಬ ಪ್ರಾಣಿಯನ್ನು ಮರಳಿ ತಂದು ಬಿಡುತ್ತಿರುವ ಸುದ್ದಿ, ಅದು ಕಟ್ಟುವ ಒಡ್ಡುಗಳಿಂದ ನೆರೆ ತಗ್ಗುತ್ತದೆ ಎನ್ನುವ ವಿಡಿಯೊಗಳು ಈಗ ನಮ್ಮ ಹಳ್ಳಿಗಳ ಮೊಬೈಲಿಗೂ ಬರುತ್ತಿವೆ. ಬೆಣ್ಣಿಹಳ್ಳ ಉಕ್ಕಿದಾಗಲೆಲ್ಲ ಬೆಳೆ ಕಳೆದುಕೊಳ್ಳುವ ನವಲಗುಂದ, ರೋಣ ಭಾಗದ ರೈತರಿಗೆ 'ಇಲ್ಲಿಗೂ ನಾಲ್ಕು ಜೋಡಿ ತಂದು ಬಿಟ್ಟರೆ ಹೇಗೆ' ಅನ್ನಿಸುವುದು ಸಹಜ. ಇದನ್ನು ನಗೆಮಾತಾಗಿ ತಳ್ಳಿಹಾಕಬಾರದು. ಪ್ರಾಣಿಯನ್ನು ಇಲ್ಲಿಗೆ ತರುವುದು ತಪ್ಪು. ಆದರೆ ಅದರ ಕಸುಬನ್ನು ಶಿಗ್ಗಾಂವಿ, ಕುಂದಗೋಳ ಭಾಗದ ಸಣ್ಣ ಹಳ್ಳಗಳಲ್ಲಿ ನಾವೇ ಮಾಡಬಹುದು, ಮಾಡಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಹೆಸರಿನ ಗೊಂದಲ ತೀರಲಿ. ಬೀವರನ್ನು ಕೆಲವರು ನೀರುನಾಯಿ ಎಂದು ಬರೆಯುತ್ತಾರೆ. ನೀರುನಾಯಿ ನಮ್ಮ ತುಂಗಭದ್ರೆಯಲ್ಲೇ ಇದೆ, ಮೀನು ಹಿಡಿದು ತಿನ್ನುತ್ತದೆ. ಅದರ ರಕ್ಷಣೆಗೆಂದೇ 2015ರಲ್ಲಿ ಕಂಪ್ಲಿಯವರೆಗಿನ ನದಿಪಾತ್ರವನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಬೀವರ್ ಬೇರೆಯೇ ಪ್ರಾಣಿ, ಇಲಿ-ಅಳಿಲಿನ ಬಳಗದ್ದು. 20ರಿಂದ 30 ಕಿಲೊ ತೂಗುತ್ತದೆ. ಮೀನು ಮುಟ್ಟುವುದಿಲ್ಲ; ಮರದ ತೊಗಟೆ, ಚಿಗುರು, ನೀರಿನ ಗಿಡಗಳೇ ಅದರ ಆಹಾರ. ಕಬ್ಬಿಣದ ಅಂಶದಿಂದ ಕಿತ್ತಳೆ ಬಣ್ಣಕ್ಕೆ ತಿರುಗಿದ ಅದರ ಬಾಚಿಹಲ್ಲು ಆಯುಷ್ಯವಿಡೀ ಬೆಳೆಯುತ್ತಲೇ ಇರುತ್ತದೆ, ಮರ ಕಡಿದು ಕಡಿದೇ ಸವೆಯಬೇಕು.

ಅದು ಒಡ್ಡು ಕಟ್ಟುವುದು ನೆರೆ ತಡೆಯಲಿಕ್ಕಲ್ಲ. ಗೂಡಿನ ಬಾಗಿಲು ಸದಾ ನೀರಿನೊಳಗಿದ್ದರೆ ಮಾತ್ರ ತೋಳ-ನರಿಗಳಿಂದ ಮರಿಗಳು ಉಳಿಯುತ್ತವೆ. ಅದಕ್ಕೆ ಸುಮಾರು 70 ಸೆಂಟಿಮೀಟರಿಗಿಂತ ಆಳದ ನೀರು ಬೇಕು. ಆಳ ಮೊದಲೇ ಇದ್ದರೆ ಅದು ಕಟ್ಟುವ ಗೋಜಿಗೇ ಹೋಗುವುದಿಲ್ಲ, ದಂಡೆಯಲ್ಲಿ ಬಿಲ ತೋಡಿ ಇರುತ್ತದೆ. ಹಾಗಾಗಿ ಬೀವರಿನ ಒಡ್ಡುಗಳು ಇರುವುದು ಸಣ್ಣ ತೊರೆಗಳಲ್ಲಿ, ನದಿ ಹುಟ್ಟುವ ಕಡೆ. ದೊಡ್ಡ ಹೊಳೆಗೆ ಅಡ್ಡಲಾಗಿ ಅದು ಕಟ್ಟುವುದು ತೀರ ಅಪರೂಪ. ನಮ್ಮಲ್ಲಿ ಬೆಣ್ಣಿಹಳ್ಳದ ಚರ್ಚೆಯೆಲ್ಲ ಯಮನೂರಿನ ಸುತ್ತ, ಮೆಣಸಗಿ ಬಳಿ ಮಲಪ್ರಭೆ ಕೂಡುವ ಕಡೆ, ಅಂದರೆ ನೀರು ಈಗಾಗಲೇ ಒಟ್ಟುಗೂಡಿ ಬಂದುಬಿಟ್ಟ ಜಾಗದಲ್ಲೇ ನಡೆಯುತ್ತದೆ. ಹಳ್ಳ ಹುಟ್ಟುವ ಶಿಗ್ಗಾಂವಿ ತಾಲೂಕಿನ ದುಂಡಶಿ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಯುರೋಪಿನಲ್ಲಿ ತುಪ್ಪಳ, ಮಾಂಸ ಮತ್ತು ಬಾಲದ ಬುಡದ ಸುಗಂಧ ಗ್ರಂಥಿಗಾಗಿ ಬೀವರನ್ನು ಬೇಟೆಯಾಡಿದ್ದರಿಂದ 1900ರ ಹೊತ್ತಿಗೆ ಎಂಟು ಕಡೆ ಸೇರಿ ಸುಮಾರು 1,200 ಮಾತ್ರ ಉಳಿದಿದ್ದವು. ಈಗ ಅಲ್ಲಿ 10 ಲಕ್ಷಕ್ಕೂ ಹೆಚ್ಚಿವೆ. ಸ್ಕಾಟ್ಲೆಂಡಿನ ನ್ಯಾಪ್‌ಡೇಲ್‌ನಲ್ಲಿ 2009ರ ಮೇ ತಿಂಗಳಲ್ಲಿ ನಾರ್ವೆಯಿಂದ ತಂದ ಕುಟುಂಬಗಳನ್ನು ಬಿಟ್ಟು, ಐದು ವರ್ಷ ಅಳೆದು ನೋಡಿ, ಆಮೇಲೆ 'ಇರಲಿ' ಎಂದು ಸರ್ಕಾರ ತೀರ್ಮಾನಿಸಿತು. ಇಂಗ್ಲೆಂಡಿನ ಡೆವನ್‌ನಲ್ಲಿ ಆಟರ್ ಎಂಬ ನದಿಯ ಮೇಲೆ 2015ರಿಂದ 2020ರವರೆಗೆ ಇಂಥದ್ದೇ ಪರೀಕ್ಷೆ ನಡೆಯಿತು. ಇಂಗ್ಲೆಂಡಿನಲ್ಲಿ ಪರವಾನಗಿ ಸಮೇತ ಬಯಲಿಗೆ ಬಿಡುವ ಕೆಲಸ ಶುರುವಾದದ್ದು 2025ರ ಮಾರ್ಚ್‌ನಲ್ಲಿ, ಡಾರ್ಸೆಟ್‌ನ ಪರ್ಬೆಕ್‌ನಲ್ಲಿ.

ಹಿಡಿದು ತಂದು ಬಿಡುವುದರಲ್ಲೂ ಕಟ್ಟುನಿಟ್ಟಿದೆ. ಒಂಟಿ ಪ್ರಾಣಿ ಬಿಟ್ಟರೆ ಸಂಗಾತಿ ಹುಡುಕುತ್ತಾ ಹತ್ತಾರು ಕಿಲೋಮೀಟರ್ ಹೊರಟುಹೋಗುತ್ತದೆ. ಅದಕ್ಕೇ ಜೋಡಿಯನ್ನೋ ಇಡೀ ಕುಟುಂಬವನ್ನೋ ಒಟ್ಟಿಗೆ ಹಿಡಿಯುತ್ತಾರೆ. ಮರಿಗಳು ಹಾಲು ಕುಡಿಯುವ ಬೇಸಿಗೆ ತಿಂಗಳುಗಳಲ್ಲಿ ಬೋನು ಇಡುವುದಿಲ್ಲ. ಮಧ್ಯ ಯುರೋಪಿನ ಬೀವರುಗಳಲ್ಲಿ ಮನುಷ್ಯರ ಯಕೃತ್ತಿಗೂ ತಗಲುವ ಒಂದು ಲಾಡಿಹುಳು ಇರುವುದರಿಂದ ಎಲ್ಲಿಂದ ತಂದದ್ದು ಎಂಬ ದಾಖಲೆ, ಪಶುವೈದ್ಯರ ತಪಾಸಣೆ, ಪ್ರತ್ಯೇಕವಾಸ ಎಲ್ಲ ಆಗಬೇಕು. ಬಿಡುವ ಜಾಗದಲ್ಲಿ ವರ್ಷವಿಡೀ ಬತ್ತದ ನೀರು, ದಂಡೆಯಿಂದ 20 ಮೀಟರ್ ಒಳಗೆ ಚಿಗುರೊಡೆಯುವ ಮರಗಳು ಇರಬೇಕು. ಯಾಕೆಂದರೆ ಬೀವರ್ ನೀರು ಬಿಟ್ಟು ದೂರ ಹೋಗುವುದು ಅಪರೂಪ, ಅದರ ಹೆಚ್ಚುಕಡಿಮೆ ಎಲ್ಲ ಓಡಾಟವೂ ಆ 20 ಮೀಟರಿನೊಳಗೇ.

ನೆರೆಹೊರೆಯ ರೈತರ ವಿಷಯಕ್ಕೆ ಬಂದರೆ, ಅಲ್ಲಿನವರು ಕಲಿತ ಪಾಠ ಇಲ್ಲಿಗೂ ಹೊಂದುತ್ತದೆ. ಬೀವರ್ ಬಂದ ಕಡೆ ಮೋರಿಯ ಬಾಯಿ ಮುಚ್ಚಿಹೋಗುತ್ತದೆ, ತಗ್ಗಿನ ಹೊಲಕ್ಕೆ ನೀರು ನಿಲ್ಲುತ್ತದೆ, ನೆರೆಗೋಡೆಯೊಳಗೆ ಬಿಲ ಬೀಳುತ್ತದೆ, ಹಣ್ಣಿನ ಗಿಡ ನೆಲಕ್ಕುರುಳುತ್ತದೆ. ಗಿಡಕ್ಕೆ ಮೀಟರ್ ಎತ್ತರದ ತಂತಿ ಜಾಳಿಗೆ ಸಾಕು. ನಿಂತ ನೀರನ್ನು ತಗ್ಗಿಸಲು ಒಡ್ಡಿನ ಮೂಲಕ ಸುಮಾರು 30 ಸೆಂಟಿಮೀಟರ್ ವ್ಯಾಸದ ಕೊಳವೆ ಹಾಯಿಸಿ, ಅದರ ಬಾಯನ್ನು ನೀರು ಹರಿದುಬರುವ ದಿಕ್ಕಿಗೆ ಕೆಲವು ಮೀಟರ್ ದೂರ, ಆಳದ ನೀರಿನಲ್ಲಿ ತಂತಿಬುಟ್ಟಿಯೊಳಗೆ ಇಡುತ್ತಾರೆ. ಹರಿವಿನ ಸದ್ದು ಕೇಳಿದ ಕಡೆಗೆಲ್ಲ ಬೀವರ್ ಮಣ್ಣು ಮೆತ್ತುತ್ತದೆ; ಬಾಯಿ ದೂರದಲ್ಲಿ ಸದ್ದಿಲ್ಲದೆ ಇದ್ದರೆ ಸೋರಿಕೆ ಎಲ್ಲಿ ಎಂದು ಅದಕ್ಕೆ ತಿಳಿಯುವುದಿಲ್ಲ. ಇಂಥ ಉಪಾಯ ತಿಳಿಸಿಕೊಡುವ, ಕರೆದಾಗ ಬರುವ ಜನ ಮೊದಲೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಟೇ ನದಿಯ ಕಣಿವೆ ಉದಾಹರಣೆ. ಅಲ್ಲಿ ಬೀವರುಗಳು ಯೋಜನೆಯಿಲ್ಲದೆ, ಅನುಮತಿಯಿಲ್ಲದೆ ಸೇರಿಕೊಂಡು ಫಲವತ್ತಾದ ಹೊಲಗಳ ನಡುವೆ ಹಬ್ಬಿದವು. ಸಂರಕ್ಷಿತ ಪ್ರಾಣಿ ಎಂದು ಘೋಷಣೆಯಾದ 2019ರಲ್ಲೇ, ಮೇಯಿಂದ ಡಿಸೆಂಬರ್ ನಡುವೆ 87 ಬೀವರುಗಳನ್ನು ಪರವಾನಗಿ ಪಡೆದು ಕೊಲ್ಲಲಾಯಿತು.

ಇಲ್ಲಿಗೆ ಯಾಕೆ ತರಬಾರದು? ಭಾರತದಲ್ಲಿ ಬೀವರ್ ಇಲ್ಲ. ನಮ್ಮ ಮಟ್ಟಿಗೆ ಅದು 'ಮರಳಿ ತರುವುದು' ಆಗುವುದೇ ಇಲ್ಲ, ಪರಕೀಯ ಪ್ರಾಣಿಯನ್ನು ಹೊಸದಾಗಿ ನುಗ್ಗಿಸಿದಂತೆ ಆಗುತ್ತದೆ. ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊ ದ್ವೀಪಕ್ಕೆ 1946ರಲ್ಲಿ ತುಪ್ಪಳದ ವ್ಯಾಪಾರಕ್ಕೆಂದು 20 ಬೀವರ್ ತಂದು ಬಿಟ್ಟರು. ಈಗ ಅಲ್ಲಿ ಅವು ಲಕ್ಷದ ಲೆಕ್ಕದಲ್ಲಿವೆ. ಯುರೋಪ್, ಉತ್ತರ ಅಮೆರಿಕದ ನೀರವಂಜಿ ಜಾತಿಯ ಮರ ಕಡಿದರೆ ಮತ್ತೆ ಚಿಗುರುತ್ತದೆ. ಆ ದ್ವೀಪದ ಮರಗಳಿಗೆ ಆ ಗುಣವಿಲ್ಲ. ತೊರೆಗಳ ಇಕ್ಕೆಲದ ಕಾಡು ನಿಂತಲ್ಲೇ ಒಣಗಿತು. ಫಿನ್ಲೆಂಡಿನವರು 1937ರಲ್ಲಿ ತಮ್ಮದೇ ಬೀವರ್ ಎಂದುಕೊಂಡು ಅಮೆರಿಕದ ಜಾತಿಯನ್ನು ತಂದು ಬಿಟ್ಟರು. ಎರಡೂ ಬೇರೆ ಬೇರೆ ಜಾತಿ ಎಂಬುದು ಆಮೇಲೆ ಸ್ಪಷ್ಟವಾಯಿತು, ಆ ತಪ್ಪನ್ನು ಇಂದಿಗೂ ತಿದ್ದಲಾಗಿಲ್ಲ. ನಮ್ಮ ಹಳ್ಳಗಳೋ ಸಂಕ್ರಾಂತಿ ಕಳೆದರೆ ಬತ್ತುತ್ತವೆ. ಬತ್ತದ ನೀರಿಲ್ಲದ ಕಡೆ, ಏಪ್ರಿಲ್ ಬಿಸಿಲಿನಲ್ಲಿ ಆ ಪ್ರಾಣಿ ಬದುಕುವುದೂ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯು ಆಕ್ರಮಣಕಾರಿ ಪರಕೀಯ ಜೀವಿಗಳ ಆಮದನ್ನು ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಬಳ್ಳಾರಿ ಜಾಲಿಯನ್ನು ತಂದು ಬಿಟ್ಟು ಇಂದಿಗೂ ಹೊಲ-ಹಳ್ಳಗಳಲ್ಲಿ ಅನುಭವಿಸುತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಬಳ್ಳಾರಿ ಜಾಲಿಯೇ ಈಗ ಉಪಯೋಗಕ್ಕೆ ಬರುತ್ತದೆ.

ಅಮೆರಿಕದ ಆರೆಗಾನ್‌ನ ಬ್ರಿಜ್ ಕ್ರೀಕ್ ಎಂಬ ತೊರೆ ಕೊರೆದು ಕೊರೆದು ಆಳದ ಕೊರಕಲಾಗಿತ್ತು. ಬೀವರ್ ಕಟ್ಟಿದ ಒಡ್ಡು ಅಲ್ಲಿ ಒಂದೇ ಮಳೆಗಾಲಕ್ಕೆ ಕೊಚ್ಚಿಹೋಗುತ್ತಿತ್ತು. 2009ರಿಂದ ಅಲ್ಲಿ ಮನುಷ್ಯರೇ ಗೂಟ ನೆಟ್ಟು, ಟೊಂಗೆ ಹೆಣೆದು, ನೂರಕ್ಕೂ ಹೆಚ್ಚು ಸಣ್ಣ ತಡೆ ಕಟ್ಟಿದರು. ಹೂಳು ನಿಂತು ತೊರೆಯ ತಳ ಮೇಲೇರಿತು, ಅಕ್ಕಪಕ್ಕದ ನೆಲದ ನೀರಿನ ಮಟ್ಟವೂ ಏರಿತು. ಈ ವಿಧಾನಕ್ಕೆ ಸಿಮೆಂಟ್ ಬೇಡ, ಜೆಸಿಬಿ ಬೇಡ. ನಮ್ಮ ಕಡೆಯ ಮಣ್ಣಿಗೆ ಹೊಂದಿಸಿ ಹೇಳುವುದಾದರೆ ಕೆಲಸ ಹೀಗೆ.

ಜಾಗ ಆರಿಸುವಾಗ ಹಳ್ಳದ ಅಗಲ ಐದಾರು ಮೀಟರ್ ಮೀರಬಾರದು, ಜಲಾನಯನ ಸುಮಾರು 100 ಹೆಕ್ಟೇರಿಗಿಂತ ದೊಡ್ಡದಿರಬಾರದು. ಇಳಿಜಾರನ್ನು ಗೌಂಡಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದಲೇ ಅಳೆಯಬಹುದು. ನೂರು ಮೀಟರಿಗೆ ಒಂದು ಮೀಟರ್ ಇಳಿದರೆ ಒಳ್ಳೆಯದು. ನವಲಗುಂದದ ಬಯಲಿನಂತೆ ಐನೂರು ಮೀಟರಿಗೆ ಒಂದು ಮೀಟರ್ ಇಳಿಯುವ ಕಡೆ ಮುಕ್ಕಾಲು ಮೀಟರಿನ ತಡೆಯ ನೀರು 375 ಮೀಟರ್ ಹಿಂದಕ್ಕೆ ಚಾಚಿ ಮೇಲಿನವರ ಹೊಲ ಸೇರುತ್ತದೆ, ಅಲ್ಲಿ ಕಟ್ಟಬೇಡಿ. ಎರಡು ತಡೆಗಳ ನಡುವಿನ ಅಂತರಕ್ಕೆ ಒಂದೇ ನಿಯಮ: ಕೆಳಗಿನ ತಡೆಯ ತಲೆ, ಮೇಲಿನ ತಡೆಯ ಕಾಲು ಒಂದೇ ಮಟ್ಟದಲ್ಲಿರಬೇಕು. ನೂರಕ್ಕೊಂದರ ಇಳಿಜಾರಿನಲ್ಲಿ ಅದು 75 ಮೀಟರ್ ಆಗುತ್ತದೆ.

ಗೂಟಕ್ಕೆ ಬಳ್ಳಾರಿ ಜಾಲಿ ಅಥವಾ ಕರಿಜಾಲಿಯ ನೇರ ಟೊಂಗೆ, 7ರಿಂದ 10 ಸೆಂಟಿಮೀಟರ್ ದಪ್ಪ, ಆರು ಅಡಿ ಉದ್ದ. ಒಂದು ಮೀಟರ್ ನೆಲದೊಳಗೆ, ಮುಕ್ಕಾಲು ಮೀಟರ್ ಮೇಲೆ. ಗೂಟದಿಂದ ಗೂಟಕ್ಕೆ 40 ಸೆಂಟಿಮೀಟರ್. ನಾಲ್ಕು ಮೀಟರ್ ಅಗಲದ ಹಳ್ಳಕ್ಕೆ ಎರಡೂ ದಂಡೆಯೊಳಗೆ ಒಂದೊಂದು ಮೀಟರ್ ಸೇರಿಸಿ ಲೆಕ್ಕ ಹಾಕಿದರೆ ಒಂದು ಸಾಲಿಗೆ 16 ಗೂಟ; ಅರ್ಧ ಮೀಟರ್ ಬಿಟ್ಟು ಇನ್ನೊಂದು ಸಾಲು, ಒಟ್ಟು 32. ಒಣಗಿದ ಎರಿ (ಕಪ್ಪು) ಮಣ್ಣಿಗೆ ಗೂಟ ಇಳಿಯುವುದಿಲ್ಲ, ತಲೆ ಸೀಳುತ್ತದೆ. ಹಾರೆಯಿಂದ ಮೊದಲು ತೂತು ಮಾಡಿಕೊಳ್ಳಬೇಕು, ಇಲ್ಲವೇ ಮುಂಗಾರಿಗೆ ಮುಂಚಿನ ಅಡ್ಡಮಳೆ ಬಿದ್ದ ಮರುದಿನ ಹೊಡೆಯಬೇಕು. ಗೂಟಗಳ ನಡುವೆ ಎರಡು ಮೂರು ಸೆಂಟಿಮೀಟರ್ ದಪ್ಪದ ಲಕ್ಕಿ, ಜಾಲಿ ಟೊಂಗೆಗಳನ್ನು ಬುಟ್ಟಿ ಹೆಣೆದಂತೆ ಒಳಹೊರಗೆ ಹಾಯಿಸಿ ಕಾಲಿನಿಂದ ತುಳಿದು ಬಿಗಿಯಬೇಕು. ಎರಡು ಸಾಲಿನ ನಡುವೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕಲ್ಲು, ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು). ನಮ್ಮ ಹೊಲಗಳಲ್ಲಿ ಸುಟ್ಟುಹಾಕುವ ಹತ್ತಿಕಟ್ಟಿಗೆಗೆ ಇದಕ್ಕಿಂತ ಒಳ್ಳೆಯ ಬಳಕೆ ಬೇರೆ ಕಾಣದು. ನೀರು ಬರುವ ಬದಿಯ ಮುಖಕ್ಕೆ ಮಾತ್ರ ಮಣ್ಣು ಮೆತ್ತಬೇಕು, ಅದೂ ಪೂರ್ತಿ ಬಿಗಿಯಾಗಿ ಅಲ್ಲ. ಬೀವರಿನ ಒಡ್ಡು ಸೋರುತ್ತದೆ, ಸೋರುವುದರಿಂದಲೇ ಮುಂದಿನ ಮಳೆಗೆ ಜಾಗ ಖಾಲಿಯಾಗಿರುತ್ತದೆ.

ತಡೆಯ ನಡುಭಾಗ ಅಂಚುಗಳಿಗಿಂತ 15 ಸೆಂಟಿಮೀಟರ್ ತಗ್ಗಿರಲಿ. ಇದನ್ನು ಮರೆತರೆ ನೀರು ದಂಡೆ ಹಿಡಿಯುತ್ತದೆ. ಧುಮುಕುವ ಕಡೆ ಎರಡು ಮೀಟರ್ ಉದ್ದಕ್ಕೆ ಟೊಂಗೆಗಳನ್ನು ಹರಿವಿನ ದಿಕ್ಕಿಗೆ ಹಾಸಿ ಮೇಲೆ ಕಲ್ಲು ಹೇರಬೇಕು. ಐದಾರು ಜನ ಕೂಡಿದರೆ ಒಂದೆರಡು ದಿನದ ಕೆಲಸ.

ಇನ್ನು ಕೆಡುವ ಬಗೆ. ಈ ತಡೆಗಳು ಕೆಡುತ್ತವೆ, ಬೀವರಿನದೂ ಕೆಡುತ್ತದೆ. ಅದು ಆ ರಾತ್ರಿಯೇ ದುರಸ್ತಿ ಮಾಡುತ್ತದೆ, ನಾವು ಮಾಡುವುದಿಲ್ಲ, ವ್ಯತ್ಯಾಸ ಅಷ್ಟೇ. ಧುಮುಕುವ ನೀರು ಕಾಲಬುಡ ಕೊರೆದು ಗೂಟ ಅಲುಗಾಡುವುದು ಒಂದು ಬಗೆ. ಅದಕ್ಕಿಂತ ಹೆಚ್ಚು ಕಾಣುವುದು ಪಕ್ಕದಿಂದ ಹಾಯುವುದು. ಎರಿ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಮೊದಲ ಮಳೆಯ ನೀರು ದಂಡೆಯ ಆ ಬಿರುಕಿನೊಳಗೆ ನುಗ್ಗಿ ತಡೆಯನ್ನು ಬಳಸಿಕೊಂಡು ಹೊಸ ದಾರಿ ಕೊರೆಯುತ್ತದೆ. ಅದಕ್ಕೇ ಎರಡೂ ತುದಿಯನ್ನು ಒಂದು ಮೀಟರ್ ದಂಡೆಯೊಳಗೆ ಹೂತು ಎರಿ ಮಣ್ಣಿನ ಬದಲು ಗರಸಿನಿಂದ ತುಂಬಿ ಕುಟ್ಟಬೇಕು, ಗರಸು ಬಿರಿಯುವುದಿಲ್ಲ. ಹಸಿ ಮಣ್ಣಿಗೆ ಹೊಡೆದ ಗೂಟವೂ ಒಣಗಿದಾಗ ಸಡಿಲಾಗುತ್ತದೆ, ಸುತ್ತಲೂ ಗರಸು ಹಾಕಿ ಮತ್ತೆ ಬಿಗಿಯಬೇಕು. ಯುರೋಪಿನ ಒಡ್ಡು ವರ್ಷವಿಡೀ ನೀರಿನಲ್ಲಿರುವುದರಿಂದ ಕಟ್ಟಿಗೆ ಬೇಗ ಹಾಳಾಗುವುದಿಲ್ಲ. ನಮ್ಮಲ್ಲಿ ತಿಂಗಳುಗಟ್ಟಲೆ ಒಣಗಿ ನಿಂತದ್ದನ್ನು ಗೆದ್ದಲು ತಿನ್ನುತ್ತದೆ, ಒಲೆಗೆಂದು ಒಯ್ಯುವವರೂ ಇದ್ದಾರೆ. ಆದ್ದರಿಂದ ಇದು ಪ್ರತಿ ಬೇಸಿಗೆಯಲ್ಲಿ ಕೈಯಾಡಿಸಬೇಕಾದ ಕೆಲಸ. ಎರಡು ಮೂರು ವರ್ಷದಲ್ಲಿ ಹಿಂದೆ ನಿಂತ ಹೂಳಿನ ಮೇಲೆ ಲಾವಂಚ, ಲಕ್ಕಿ, ಜೊಂಡು ಬೇರು ಬಿಟ್ಟರೆ ಆಮೇಲೆ ಕಟ್ಟಿಗೆ ಹೋದರೂ ನೆಲ ಉಳಿಯುತ್ತದೆ. ಹೂಳು ತುಂಬಿದರೆ ಸಿಮೆಂಟ್ ಬಾಂದಾರದ ಕೆಲಸ ಮುಗಿಯುತ್ತದೆ. ಕಟ್ಟಿಗೆಯ ತಡೆಗೆ ಹೂಳು ತುಂಬಿಕೊಳ್ಳುವುದೇ ಕೆಲಸ.

ಕಿತ್ತುಹೋದ ಗೂಟಗಳು ಕೆಳಗಿನ ಮೋರಿಯ ಬಾಯಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ರಸ್ತೆ ಮೋರಿಯ ಮೇಲ್ಭಾಗದಲ್ಲಿ ಹತ್ತಿರ ಕಟ್ಟಲೇಬಾರದು. ಬಳ್ಳಾರಿ ಜಾಲಿ ಬಳಸುವಾಗ ಕಾಯಿ ಇರುವ ಟೊಂಗೆ ಹಳ್ಳಕ್ಕೆ ಬೀಳಬಾರದು, ಬೀಜ ನೀರಿನ ಜೊತೆ ಹತ್ತೂರು ಸೇರುತ್ತದೆ. ಕಡಿದ ಬುಡ ಮತ್ತೆ ಚಿಗುರುವುದರಿಂದ ನೆಲದೊಳಗಿನ ಗಡ್ಡೆಯನ್ನೂ ಅಗೆಯಬೇಕು, ಅಗೆದ ದಂಡೆಯನ್ನು ಬರಿದು ಬಿಡದೆ ಅದೇ ಮಳೆಗೆ ಹೊಂಗೆಯನ್ನೋ ಲಕ್ಕಿಯನ್ನೋ ಹಚ್ಚಬೇಕು.

ಇದರಿಂದ ಎಷ್ಟು ನೀರು ತಡೆಯಬಹುದು ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ನಾಲ್ಕು ಮೀಟರ್ ಅಗಲ, ತಡೆಯ ಬಳಿ ಮುಕ್ಕಾಲು ಮೀಟರ್ ಆಳ, ಹಿಂದಕ್ಕೆ 75 ಮೀಟರ್ ಚಾಚಿದ ನೀರು ಎಂದರೆ ಸುಮಾರು 1.1 ಲಕ್ಷ ಲೀಟರ್. ಹತ್ತು ತಡೆಗೆ 11 ಲಕ್ಷ. ಡೆವನ್‌ನಲ್ಲಿ ಬೇಲಿಯೊಳಗೆ 2011ರಲ್ಲಿ ಬಿಟ್ಟ ಒಂದು ಜೋಡಿ ಬೀವರ್ 200 ಮೀಟರಿಗೂ ಕಡಿಮೆ ಉದ್ದದ ತೊರೆಯಲ್ಲಿ 13 ಹೊಂಡ ಮಾಡಿ ಸುಮಾರು 10 ಲಕ್ಷ ಲೀಟರ್ ನಿಲ್ಲಿಸಿತ್ತು, 100 ಟನ್ನಿಗೂ ಹೆಚ್ಚು ಹೂಳು ಹಿಡಿದಿತ್ತು, ಮಳೆ ಬಂದಾಗ ಹರಿವಿನ ಶಿಖರ ಸರಾಸರಿ ಮೂರರಲ್ಲೊಂದು ಪಾಲಿನಷ್ಟು ತಗ್ಗಿತ್ತು. ಆದರೆ ನಮ್ಮ ಮಳೆ ಬೇರೆ. 100 ಹೆಕ್ಟೇರ್ ಮೇಲೆ ಒಂದು ಸಂಜೆ 50 ಮಿಲಿಮೀಟರ್ ಬಿದ್ದು ಅದರಲ್ಲಿ 20 ಮಿಲಿಮೀಟರ್ ಹರಿದರೂ ಎರಡು ಕೋಟಿ ಲೀಟರ್ ಆಯಿತು. ನಮ್ಮ ಹತ್ತು ತಡೆ ಹಿಡಿಯುವುದು ಅದರ ಇಪ್ಪತ್ತರಲ್ಲಿ ಒಂದು ಪಾಲು. ಉಳಿದ ನೀರಿನ ಮೇಲೆ ತಡೆಗಳ ಪರಿಣಾಮ ಬೇರೆ ಬಗೆಯದು: ಓಟ ನಿಧಾನವಾಗುತ್ತದೆ, ಅಂಚಿನ ಹುಲ್ಲುಗಾವಲಿಗೆ ಹರಡುತ್ತದೆ, ಹತ್ತು ಹಳ್ಳಗಳ ನೀರು ಒಂದೇ ಗಳಿಗೆಗೆ ಕೆಳಗೆ ಸೇರುವುದು ತಪ್ಪುತ್ತದೆ. 2019ರ ಆಗಸ್ಟ್‌ನಂತೆ ಮಲಪ್ರಭೆ, ಬೆಣ್ಣಿಹಳ್ಳ, ತುಪರಿಹಳ್ಳ ಕೂಡಿಯೇ ಉಕ್ಕಿದರೆ ಇದರಿಂದ ಊರು ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಳಭಾಗದಲ್ಲಿ ಒತ್ತುವರಿ ತೆರವು, ಹೂಳು, ಸೇತುವೆಯ ಕಣ್ಣುಗಳ ಅಗಲ ಇವೆಲ್ಲ ಬೇರೆಯಾಗಿ ಆಗಲೇಬೇಕು. ಪ್ರತಿವರ್ಷ ಬರುವ ಚಿಕ್ಕ-ಮಧ್ಯಮ ನೆರೆ ಮತ್ತು ಹೊಲದ ಮೇಲ್ಮಣ್ಣು ಕೊಚ್ಚಿಹೋಗುವುದು, ಇವೆರಡಕ್ಕೆ ಈ ಕೆಲಸ ನೇರವಾಗಿ ತಾಗುತ್ತದೆ. ಬೋರ್‌ವೆಲ್ ತುಂಬುವ ಆಸೆಯನ್ನೂ ಎರಿ ಭಾಗದಲ್ಲಿ ಹೆಚ್ಚು ಇಟ್ಟುಕೊಳ್ಳಬಾರದು, ಒಮ್ಮೆ ಹಸಿಯಾದ ಎರಿ ನೀರು ಇಂಗಿಸುವುದು ಬಹಳ ನಿಧಾನ. ಮಸಾರಿ (ಕೆಂಪು ಮಣ್ಣು) ಮತ್ತು ಗರಸು ನೆಲದ ಹಳ್ಳಗಳಲ್ಲಿ ಅದು ಸಾಧ್ಯ. ಗದಗಿನ ಕಪ್ಪತಗುಡ್ಡದ ಬುಡದ ಹಳ್ಳಗಳೂ ಈ ಲೆಕ್ಕಕ್ಕೆ ಬರುತ್ತವೆ, ಆದರೆ ಅದು 2019ರಿಂದ ವನ್ಯಜೀವಿ ಧಾಮವಾದ್ದರಿಂದ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಒಂದು ಟೊಂಗೆಯನ್ನೂ ಕಡಿಯುವಂತಿಲ್ಲ.

ಹಾವೇರಿ ಮತ್ತು ಧಾರವಾಡ ಜಿಲ್ಲಾಡಳಿತಗಳನ್ನು ನಾವು ಕೇಳುವುದಿಷ್ಟು. ಬೆಣ್ಣಿಹಳ್ಳದ ಮೇಲ್ಭಾಗದಲ್ಲಿ ಒಂದೇ ಬಗೆಯ ಎರಡು ಸಣ್ಣ ಹಳ್ಳ ಆರಿಸಿ. ಒಂದರಲ್ಲಿ ತಡೆ ಕಟ್ಟಿ, ಇನ್ನೊಂದನ್ನು ಹಾಗೇ ಬಿಡಿ. ಎರಡಕ್ಕೂ ಸೆಂಟಿಮೀಟರ್ ಗುರುತಿನ ಅಳತೆಗಂಬ, ಒಂದು ಮಳೆಮಾಪಕ. ಹರಿವು ಇದ್ದಾಗ ಅರ್ಧ ಗಂಟೆಗೊಮ್ಮೆ ಮಟ್ಟ ಬರೆದಿಡಲು ಊರಿನದೇ ಒಬ್ಬ ಹುಡುಗನಿಗೆ ಕೂಲಿ ಕೊಡಿ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ನೆಲ-ಜಲ ನಿರ್ವಹಣೆಯ ವಾಲ್ಮಿ ಸಂಸ್ಥೆಯಿದೆ. ಲೆಕ್ಕ ನೋಡುವವರಿಗೆ ಕೊರತೆಯಿಲ್ಲ. ನ್ಯಾಪ್‌ಡೇಲ್‌ನಲ್ಲೂ ಡೆವನ್‌ನಲ್ಲೂ ಐದೈದು ವರ್ಷ ಅಳೆದ ಮೇಲೆಯೇ ಹೌದು ಎಂದದ್ದು. ಮಾರ್ಚ್ 31ಕ್ಕೆ ಬಿಲ್ ಮುಗಿಸಿ ಫೋಟೊ ಹಚ್ಚುವ ಕಾಮಗಾರಿಯಾಗಿ ಇದನ್ನು ಮಾಡುವುದಾದರೆ ಮಾಡದಿರುವುದೇ ಲೇಸು. ಅನುದಾನದಲ್ಲಿ ಮೂರು ವರ್ಷದ ದುರಸ್ತಿ ಕೂಲಿಯನ್ನು ಮೊದಲೇ ಬೇರೆ ಇಡಬೇಕು. ಹಳ್ಳದ ಅಂಚಿನವರೆಗೂ ಊಳುತ್ತಿರುವ ರೈತರು ಎರಡೂ ಕಡೆ ಹತ್ತು ಮೀಟರ್ ಬಿಡಲು ಒಪ್ಪಿದರೆ ಅವರಿಗೆ ಆ ನೆಲದ ಬೆಳೆಯ ಬೆಲೆ ಕೊಡಬೇಕು, ಒಪ್ಪದವರ ಹೊಲದ ಎದುರು ಕಟ್ಟಬಾರದು. ಟೇ ಕಣಿವೆಯ ಜಗಳ ಶುರುವಾದದ್ದು ಆ ಅಂಚಿನ ಪಟ್ಟಿಯಲ್ಲೇ.

ಕಟ್ಟಿಗೆ ಕಡಿಯಲು ಸಂಕ್ರಾಂತಿಯಿಂದ ಶಿವರಾತ್ರಿಯ ನಡುವೆ, ಜಾಲಿಯ ಕಾಯಿ ಮಾಗುವ ಮುನ್ನ, ತಕ್ಕ ಕಾಲ. ಅದೇ ಹೊತ್ತಿಗೆ ಹತ್ತಿಕಟ್ಟಿಗೆಯೂ ಹೊಲದಿಂದ ಹೊರಬೀಳುತ್ತದೆ. ಗೂಟ ಹೊಡೆಯುವುದು ಯುಗಾದಿಯ ನಂತರದ ಅಡ್ಡಮಳೆಗೆ. ರೋಹಿಣಿ ಮಳೆ ಬೀಳುವಷ್ಟರಲ್ಲಿ ಎರಡೂ ದಂಡೆಯ ಗರಸು ಕುಟ್ಟಿ ಮುಗಿದಿರಬೇಕು.

— ಜಲಾನಯನ ಕೆಲಸದಲ್ಲಿ ತೊಡಗಿರುವ ಓದುಗರು, ಹುಬ್ಬಳ್ಳಿ